ಉಪ್ಪಿನಾಗರದ ಕೆಸರಿನಲ್ಲಿ ಯಾರಿದ್ದಾರೆ? ನಿಮ್ಮ ಪ್ರಶ್ನೆ, ನಮ್ಮ ಉತ್ತರ

ಅತಿ ಉಪ್ಪಿನ ಕೊಳಗಳ ತಳದ ಕೆಸರು ಮತ್ತು ಅದರೊಳಗಿನ ಸೂಕ್ಷ್ಮಜೀವಿಗಳ ಬಗ್ಗೆ ಬಂದ ಪ್ರಶ್ನೆಗಳನ್ನು ಈ ಸಂಚಿಕೆಯಲ್ಲಿ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಒಂದೇ ಬಗೆಯವನ್ನು ಸೇರಿಸಿ ಒಂದು ಮಾಡಿದ್ದೇವೆ.

ಪ್ರಶ್ನೆ: ಉಪ್ಪು ಹರಳುಗಟ್ಟುವ ಕೊಳದ ನೀರು ಕೆಂಪು, ಕೆಳಗಿನ ಕೆಸರು ಮಾತ್ರ ಕಪ್ಪು. ನೀರಿನ ಜೀವಿಗಳೇ ಸತ್ತು ಕೆಳಗಿಳಿದಿವೆಯೇ, ಇಲ್ಲ ಕೆಸರಿನದ್ದೇ ಬೇರೆ ಲೋಕವೇ?

ಉತ್ತರ: ಬೇರೆಯದೇ ಲೋಕ. ಆದರೆ ಅದು ಮೇಲಿನಿಂದ ಬಿದ್ದದ್ದನ್ನು ತಿಂದು ಬದುಕುತ್ತದೆ. ಹರಳುಗಟ್ಟುವ ಹಂತದ ನೀರಿನಲ್ಲಿ ಮೇಲುಗೈ ಪಡೆಯುವುದು ಬೆರಳೆಣಿಕೆಯ ಕುಲಗಳು: ಚೌಕಾಕಾರದ ಆರ್ಕಿಯಾ (ಬ್ಯಾಕ್ಟೀರಿಯಾದಂತೆ ಕಂಡರೂ ಬೇರೆಯದೇ ವಂಶದ ಏಕಕೋಶಜೀವಿ) ಹ್ಯಾಲೋಕ್ವಾಡ್ರಾಟಮ್ ವಾಲ್ಸ್‌ಬೈ, ಅದರ ನೆಂಟರಾದ ಇತರ ಹ್ಯಾಲೋಆರ್ಕಿಯಾಗಳು (ಉಪ್ಪು ಬೇಡುವ ಆರ್ಕಿಯಾಗಳು), ಸಾಲಿನಿಬ್ಯಾಕ್ಟರ್ ರೂಬರ್ ಎಂಬ ಬ್ಯಾಕ್ಟೀರಿಯಾ, ಡುನಾಲಿಯೆಲ್ಲಾ ಸಲೀನಾ ಎಂಬ ಪಾಚಿ. ನೀರಿನ ಕೆಂಪು ಇವುಗಳ ಕ್ಯಾರೊಟಿನಾಯ್ಡ್ ವರ್ಣಕಗಳದ್ದು. ಡುನಾಲಿಯೆಲ್ಲಾ ಉಪ್ಪಿನ ಒತ್ತಡ ತಾಳಲು ಮೈತುಂಬ ಗ್ಲಿಸರಾಲ್ ಇಟ್ಟುಕೊಳ್ಳುತ್ತದೆ. ಅದು ಸೋರಿದ್ದು, ಸತ್ತ ಕೋಶಗಳಿಂದ ಬಂದದ್ದು, ಎಲ್ಲವೂ ಕೆಳಗಿನವರ ಊಟ.

ಕೆಸರಿಗೆ ಇಳಿದ ಕೂಡಲೇ ಆಮ್ಲಜನಕ ಮುಗಿಯುತ್ತದೆ. ಉಪ್ಪು ಹೆಚ್ಚಿದಷ್ಟೂ ನೀರು ಆಮ್ಲಜನಕವನ್ನು ಹಿಡಿದುಕೊಳ್ಳುವುದು ಕಡಿಮೆ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸಿಹಿನೀರು ಲೀಟರಿಗೆ ಸುಮಾರು 8 ಮಿಲಿಗ್ರಾಂ ಕರಗಿಸಿಕೊಂಡರೆ, ಪೂರ್ತಿ ಉಪ್ಪು ತುಂಬಿದ ನೀರು 2 ಮಿಲಿಗ್ರಾಂ ದಾಟುವುದಿಲ್ಲ. ಹಾಗಾಗಿ ಹರಳಿನ ಪದರದ ಕೆಳಗೆ ಕೆಲಸ ಮಾಡುವವರು ಆಮ್ಲಜನಕ ಬೇಡದವರು: ಸಕ್ಕರೆ, ಅಮೈನೋ ಆಮ್ಲಗಳನ್ನು ಹುದುಗಿಸುವ ಹ್ಯಾಲಾನಿರೋಬಿಯಂ ಬಳಗ, ಸಲ್ಫೇಟ್ ಬಳಸುವ ಬ್ಯಾಕ್ಟೀರಿಯಾಗಳು, ಮೀಥೇನ್ ಮಾಡುವ ಆರ್ಕಿಯಾಗಳು. ಸಲ್ಫೇಟ್ ಬಳಸುವವರಿಂದ ಹುಟ್ಟಿದ ಸಲ್ಫೈಡ್ ಕೆಸರಿನ ಕಬ್ಬಿಣದ ಜೊತೆ ಸೇರಿ ಕಬ್ಬಿಣದ ಸಲ್ಫೈಡ್ ಆಗುತ್ತದೆ. ನೀವು ನೋಡಿದ ಕಪ್ಪು ಅದೇ. ಒಂದಿಷ್ಟು ಕೆಸರನ್ನು ಗಾಳಿಗೆ ಹರಡಿಟ್ಟರೆ ಕೆಲವೇ ಗಂಟೆಗಳಲ್ಲಿ ಬೂದು ಅಥವಾ ಕಂದು ಬಣ್ಣಕ್ಕೆ ತಿರುಗುತ್ತದೆ.

ವೈವಿಧ್ಯದ ನಿಜವಾದ ಸಿರಿ ಇರುವುದು ಇದಕ್ಕಿಂತ ಹಿಂದಿನ, ಉಪ್ಪು ಕಡಿಮೆ ಇರುವ ಕೊಳಗಳಲ್ಲಿ, ಅಂದರೆ ಜಿಪ್ಸಮ್ (ಕ್ಯಾಲ್ಸಿಯಂ ಸಲ್ಫೇಟ್) ಹರಳುಗಟ್ಟುವ ಶೇ 15–20ರ ಉಪ್ಪಿನಂಶದಲ್ಲಿ. ಅಲ್ಲಿನ ಜಿಪ್ಸಮ್ ಪದರದಿಂದ ಒಂದು ತುಂಡು ಒಡೆದು ಅಡ್ಡಲಾಗಿ ನೋಡಿ. ಮೇಲೆ ಕಿತ್ತಳೆ-ಕಂದು, ಅದರ ಕೆಳಗೆ ಕಡುಹಸಿರು, ಆಮೇಲೆ ನೇರಳೆ, ಕೊನೆಗೆ ಕಪ್ಪು, ಎಲ್ಲವೂ ಕೆಲವೇ ಸೆಂಟಿಮೀಟರ್ ಒಳಗೆ. ಮೇಲಿನ ಎರಡು ಪದರ ಸಯನೋಬ್ಯಾಕ್ಟೀರಿಯಾಗಳದ್ದು (ಗಿಡಗಳಂತೆ ಬೆಳಕಿನಿಂದ ಆಹಾರ ಮಾಡಿ ಆಮ್ಲಜನಕ ಬಿಡುವ ಬ್ಯಾಕ್ಟೀರಿಯಾಗಳು), ನೇರಳೆಯದು ನೇರಳೆ ಗಂಧಕ ಬ್ಯಾಕ್ಟೀರಿಯಾಗಳದ್ದು. ಸಯನೋಬ್ಯಾಕ್ಟೀರಿಯಾಗಳು ಕಣ್ಣಿಗೆ ಕಾಣುವ ಬೆಳಕನ್ನು ಹೀರಿಕೊಂಡ ಮೇಲೂ 800–900 ನ್ಯಾನೋಮೀಟರ್‌ನ ಅವಕೆಂಪು ಬೆಳಕು ಹರಳುಗಳ ನಡುವೆ ಕೆಳಗಿಳಿಯುತ್ತದೆ. ನೇರಳೆಯವರ ಬ್ಯಾಕ್ಟೀರಿಯೋಕ್ಲೋರೋಫಿಲ್ ಹೀರುವುದು ಅದನ್ನೇ. ಕೆಳಗಿನಿಂದ ಸಲ್ಫೈಡ್, ಮೇಲಿನಿಂದ ಅವಕೆಂಪು, ಎರಡೂ ಸಿಗುವ ಆ ತೆಳು ಜಾಗದಲ್ಲಿ ಅವರು ನೆಲೆ ಹೂಡುತ್ತಾರೆ.

ಮೆಕ್ಸಿಕೋದ ಗೆರೆರೊ ನೀಗ್ರೋದ ಉಪ್ಪುಕೊಳದ ಇಂಥದೇ ಜೀವಿಚಾಪೆಯನ್ನು (ಸೂಕ್ಷ್ಮಜೀವಿಗಳು ಪದರಪದರವಾಗಿ ಹೆಣೆದ ಹಾಸು) ಮಿಲಿಮೀಟರ್ ಲೆಕ್ಕದಲ್ಲಿ ಸೀಳಿ ನೋಡಿದ ಅಧ್ಯಯನ 2006ರಲ್ಲಿ ಪ್ರಕಟವಾಯಿತು. 1,586 ಬ್ಯಾಕ್ಟೀರಿಯಾ ಜೀನ್ ಅನುಕ್ರಮಗಳಲ್ಲಿ 752 ಪ್ರಭೇದ ಮಟ್ಟದ ಗುಂಪುಗಳು, 42 ದೊಡ್ಡ ವಿಭಾಗಗಳು, ಅಂದರೆ ಫೈಲಮ್‌ಗಳು ಸಿಕ್ಕವು. ಇಡೀ ಚಾಪೆಯಲ್ಲಿ ಹೆಚ್ಚಿಗೆ ಇದ್ದದ್ದು ಎಲ್ಲರೂ ಅಂದುಕೊಂಡಿದ್ದ ಸಯನೋಬ್ಯಾಕ್ಟೀರಿಯಾ ಅಲ್ಲ, ಕ್ಲೋರೋಫ್ಲೆಕ್ಸಿ ಎಂಬ ಬ್ಯಾಕ್ಟೀರಿಯಾ ಬಳಗ. ಸಯನೋಬ್ಯಾಕ್ಟೀರಿಯಾಗಳ ದೊರೆತನ ಮೇಲಿನ ಕೆಲವು ಮಿಲಿಮೀಟರ್‌ಗಷ್ಟೇ ಸೀಮಿತವಾಗಿತ್ತು.

ಪ್ರಶ್ನೆ: ನಮ್ಮ ರಿಫ್ರ್ಯಾಕ್ಟೋಮೀಟರ್ (ಬೆಳಕು ಬಾಗುವುದನ್ನು ನೋಡಿ ಉಪ್ಪಿನಂಶ ಅಳೆಯುವ ಉಪಕರಣ) ಶೇ 28ಕ್ಕೆ ನಿಂತುಬಿಡುತ್ತದೆ. ಮೂರು ಕೊಳಗಳಿಗೂ ಅದೇ ಅಂಕಿ. ಏನು ಮಾಡುವುದು?

ಉತ್ತರ: 28 ಆ ಉಪಕರಣದ ಅಳತೆಪಟ್ಟಿಯ ಕೊನೆ, ನಿಮ್ಮ ನೀರಿನ ಕೊನೆಯಲ್ಲ. 10 ಗ್ರಾಂ ಉಪ್ಪುನೀರಿಗೆ 90 ಗ್ರಾಂ ಡಿಸ್ಟಿಲ್ಡ್ ನೀರು ಸೇರಿಸಿ, ಚೆನ್ನಾಗಿ ಕಲಸಿ, ಓದಿ, ಹತ್ತರಿಂದ ಗುಣಿಸಿ. ಎರಡನ್ನೂ ತೂಕ ಮಾಡಿಯೇ ಹಾಕಿ. ಪಿಪೆಟ್‌ನಿಂದ 10 ಮಿ.ಲೀ. ತೆಗೆದರೆ ಅದರ ತೂಕ 12 ಗ್ರಾಂ ಹತ್ತಿರ ಇರುತ್ತದೆ, ಏಕೆಂದರೆ ಪೂರ್ತಿ ತುಂಬಿದ ಉಪ್ಪುನೀರಿನ ಸಾಂದ್ರತೆ 1.2. ಗೊಂದಲ ಹುಟ್ಟುವುದೂ ಇಲ್ಲೇ. ತೂಕಕ್ಕೆ ತೂಕದ ಲೆಕ್ಕದಲ್ಲಿ ಶೇ 26 ಇರುವ ಉಪ್ಪುನೀರು, ಗಾತ್ರದ ಲೆಕ್ಕದಲ್ಲಿ 100 ಮಿ.ಲೀ.ಗೆ ಸುಮಾರು 31 ಗ್ರಾಂ ಆಗುತ್ತದೆ. ಯಾವ ಲೆಕ್ಕ ಎಂದು ಬರೆಯದ ಶೇಕಡಾ ಅಂಕಿಯನ್ನು ಹೋಲಿಕೆಗೆ ಬಳಸಬೇಡಿ.

ನೀರನ್ನು 105 ಡಿಗ್ರಿಯಲ್ಲಿ ಒಣಗಿಸಿ ಉಳಿದದ್ದನ್ನು ತೂಗುವ ವಿಧಾನ ಸೋಡಿಯಂ ಕ್ಲೋರೈಡ್ ಹೆಚ್ಚಿರುವ ನೀರಿಗೆ ಪರವಾಗಿಲ್ಲ. ಉಪ್ಪು ತೆಗೆದ ಮೇಲೆ ಉಳಿಯುವ ಕಹಿನೀರಿಗೆ ಅದು ಸರಿಹೋಗದು. ಮೆಗ್ನೀಸಿಯಂ ಕ್ಲೋರೈಡ್ ತನ್ನ ಹರಳಿನೊಳಗಿನ ನೀರನ್ನು ಆ ಶಾಖಕ್ಕೆ ಬಿಡುವುದಿಲ್ಲ, ಇನ್ನೂ ಕಾಯಿಸಿದರೆ ಹೈಡ್ರೋಕ್ಲೋರಿಕ್ ಆಮ್ಲವಾಗಿ ಒಡೆಯುತ್ತದೆ. ಅಂಥ ನೀರಿಗೆ ಸಾವಿರ ಪಟ್ಟು ತೆಳುಗೊಳಿಸಿ ಕ್ಲೋರೈಡ್, ಮೆಗ್ನೀಸಿಯಂಗಳನ್ನು ಬೇರೆಬೇರೆಯಾಗಿ ಅಳೆಯುವುದೇ ದಾರಿ.

ಇನ್ನೊಂದು ಮಾತು. ಕೆಸರಿನ ಜೀವಿಗಳ ಬಗ್ಗೆ ಬರೆಯುವಾಗ ಮೇಲಿನ ನೀರಿನ ಉಪ್ಪಿನಂಶ ಕೊಟ್ಟು ಸುಮ್ಮನಾಗುವುದು ತಪ್ಪು. ಮಳೆ ಬಂದರೆ ತೆಳು ನೀರು ಮೇಲೆ ತೇಲುತ್ತದೆ, ಕೆಸರಿನೊಳಗಿನ ನೀರು ಹಾಗೇ ಇರುತ್ತದೆ. ಸ್ವಲ್ಪ ಕೆಸರನ್ನು 15 ನಿಮಿಷ ಸೆಂಟ್ರಿಫ್ಯೂಜ್ ಮಾಡಿ, ಮೇಲೆ ನಿಂತ ನೀರನ್ನು ಅಳೆಯಿರಿ.

ಪ್ರಶ್ನೆ: ಮಾದರಿ ತೆಗೆದು ಮೈನಸ್ 20 ಡಿಗ್ರಿ ಫ್ರೀಜರ್‌ನಲ್ಲಿ ಇಟ್ಟಿದ್ದೇವೆ. ಹೆಪ್ಪುಗಟ್ಟಿಲ್ಲ. ಫ್ರೀಜರ್ ಕೆಟ್ಟಿದೆಯೇ?

ಉತ್ತರ: ಫ್ರೀಜರ್ ಸರಿಯಾಗಿದೆ. ಸೋಡಿಯಂ ಕ್ಲೋರೈಡ್ ದ್ರಾವಣ ಪೂರ್ತಿ ಗಟ್ಟಿಯಾಗುವುದು ಮೈನಸ್ 21.1 ಡಿಗ್ರಿಯಲ್ಲಿ, ಮೆಗ್ನೀಸಿಯಂ ಕ್ಲೋರೈಡ್ ಇದ್ದರೆ ಇನ್ನೂ ಕೆಳಗೆ, ಮೈನಸ್ 33ರ ಸುಮಾರಿಗೆ. ಅಂದರೆ ನಿಮ್ಮ ಕೆಸರು ತಣ್ಣಗಿನ ದ್ರವದಲ್ಲಿ ನೆನೆಯುತ್ತಾ ಇದೆ. ಆರ್‌ಎನ್‌ಎ (ಬದುಕಿರುವ ಕೋಶಗಳಲ್ಲಿ ತಯಾರಾಗುವ, ಬೇಗ ಹಾಳಾಗುವ ಅಣು) ಬೇಕೆಂದಿದ್ದರೆ ಆ ಮಾದರಿಯನ್ನು ನಂಬಬೇಡಿ. ಡಿಎನ್‌ಎ ಕೆಲಸಕ್ಕೂ ಮೈನಸ್ 80 ಬೇಕು. ಹೊರಗಡೆ ಇದ್ದಾಗ ಡ್ರೈ ಐಸ್ ಅಥವಾ ದ್ರವ ಸಾರಜನಕ. ಬರ್ಫದ ಡಬ್ಬಿ ಸಾಗಿಸುವ ಒಂದೆರಡು ಗಂಟೆಗೆ ಮಾತ್ರ ಸಾಕು.

ತೆಗೆಯುವ ಬಗೆ ಹೀಗಿರಲಿ. 60 ಮಿ.ಲೀ. ಸಿರಿಂಜಿನ ಮೂತಿಯ ಕಡೆಯನ್ನು ನೇರವಾಗಿ ಕತ್ತರಿಸಿ, ಅಂಚನ್ನು ಉಜ್ಜಿ ಚೂಪು ಮಾಡಿ. ಪಿಸ್ಟನ್ ಕೆಸರಿನ ಮೇಲ್ಮೈಗೆ ತಾಗಿದಂತೆ ಇಟ್ಟು, ಅದನ್ನು ಅಲ್ಲೇ ಹಿಡಿದು, ಹೊರಕೊಳವೆಯನ್ನು ಮಾತ್ರ ಕೆಳಗೆ ಒತ್ತಿ. ಪಿಸ್ಟನ್ ಜೊತೆಗೇ ಒತ್ತಿದರೆ ಪದರಗಳು ಅಮುಕಿ, ಮೇಲಿನ 2 ಸೆಂ.ಮೀ. ಒಂದೇ ಸೆಂ.ಮೀ. ಆಗಿಬಿಡುತ್ತದೆ. ಹರಳಿನ ಪದರ ಇದ್ದರೆ ಮೊದಲು ಉಳಿಯಿಂದ ಬಿಡಿಸಿ, ಅದನ್ನು ಬೇರೆ ಚೀಲಕ್ಕೆ ಹಾಕಿ. ಹೊರತೆಗೆದ ಕೂಡಲೇ ಕೆಳಗೆ ರಬ್ಬರ್ ಬಿರಡೆ. ಒಂದೇ ಜಾಗದಿಂದ ಕನಿಷ್ಠ ಮೂರು ಕೊಳವೆ ತೆಗೆಯಿರಿ, ಒಂದು ಮೀಟರ್ ಅಂತರದಲ್ಲೇ ಕೆಸರಿನ ಸಮುದಾಯ ಬದಲಾಗುವುದುಂಟು.

ಜೀವಿಚಾಪೆ ಇರುವ ಕೊಳದಲ್ಲಿ ಪದರಗಳನ್ನು 2 ಮಿ.ಮೀ.ಗೊಂದರಂತೆ ಸ್ಥಳದಲ್ಲೇ ಕತ್ತರಿಸಬೇಕು. ಕಪ್ಪು ಕೆಸರಿಗೆ 1 ಸೆಂ.ಮೀ. ಸಾಕು. ಬ್ಲೇಡನ್ನು ಪ್ರತಿ ಪದರದ ನಂತರ ಒರೆಸಿ. ಒರೆಸದಿದ್ದರೆ ಮೇಲಿನ ಸಯನೋಬ್ಯಾಕ್ಟೀರಿಯಾಗಳು ಎಲ್ಲ ಆಳದಲ್ಲೂ ಇವೆ ಎಂಬ ಫಲಿತಾಂಶ ಬರುತ್ತದೆ. ಸಮಯವನ್ನೂ ಬರೆದಿಡಿ. ಮಧ್ಯಾಹ್ನ ಚಾಪೆಯ ಮೇಲಿನ ಪದರದಲ್ಲಿ ಆಮ್ಲಜನಕ ತುಂಬಿ ತುಳುಕುತ್ತದೆ, ರಾತ್ರಿ ಸಲ್ಫೈಡ್ ಮೇಲ್ಮೈವರೆಗೂ ಏರುತ್ತದೆ, ಓಡಾಡಬಲ್ಲ ಎಳೆಯಂಥ ಜೀವಿಗಳು ಅದಕ್ಕೆ ತಕ್ಕಂತೆ ಮೇಲೆ ಕೆಳಗೆ ಜಾರುತ್ತವೆ. ಬೆಳಿಗ್ಗೆಯ ಒಂದು ಕೊಳವೆಯನ್ನು ಸಂಜೆಯ ಇನ್ನೊಂದರ ಜೊತೆ ಹೋಲಿಸಿದರೆ ಕೊಳದ ವ್ಯತ್ಯಾಸವಲ್ಲ, ಹೊತ್ತಿನ ವ್ಯತ್ಯಾಸ ಸಿಗುತ್ತದೆ.

ಜೀವಿ ಬೆಳೆಸಲು ಇಡುವ ಕೆಸರನ್ನು ಮಾತ್ರ ಹೆಪ್ಪುಗಟ್ಟಿಸಬೇಡಿ. ಗಾಳಿ ಉಳಿಯದಂತೆ ಬಾಟಲಿ ತುಂಬಿಸಿ, ಕತ್ತಲಲ್ಲಿ 4 ಡಿಗ್ರಿಯಲ್ಲಿಡಿ. ಸಲ್ಫೇಟ್ ಹೆಚ್ಚಿರುವ ನೀರಿನಿಂದ ತಣ್ಣಗಾದಾಗ ಸೋಡಿಯಂ ಸಲ್ಫೇಟ್ ಹರಳು ಬೀಳಬಹುದು, ಆದ್ದರಿಂದ ಉಪ್ಪಿನಂಶವನ್ನು ತಣ್ಣಗಿಡುವ ಮೊದಲೇ ಅಳೆದುಬಿಡಿ.

ಪ್ರಶ್ನೆ: ಮಣ್ಣಿನ ಡಿಎನ್‌ಎ ಕಿಟ್ ಬಳಸಿದೆವು. ಉಪ್ಪು ಹೋಗಲೆಂದು ಕೆಸರನ್ನು ಮೊದಲು ಮೂರು ಸಲ ಡಿಸ್ಟಿಲ್ಡ್ ನೀರಿನಲ್ಲಿ ತೊಳೆದೆವು. ಡಿಎನ್‌ಎ ತೀರಾ ಕಡಿಮೆ, ಪಿಸಿಆರ್ (ಡಿಎನ್‌ಎ ತುಣುಕನ್ನು ಲಕ್ಷಾಂತರ ಪಟ್ಟು ಹೆಚ್ಚಿಸುವ ವಿಧಾನ) ಆಗುತ್ತಲೇ ಇಲ್ಲ.

ಉತ್ತರ: ತೊಳೆದ ನೀರಿನ ಜೊತೆ ನಿಮ್ಮ ಆರ್ಕಿಯಾಗಳೂ ಚರಂಡಿಗೆ ಹೋದವು. ಹ್ಯಾಲೋಆರ್ಕಿಯಾಗಳಿಗೆ ಬ್ಯಾಕ್ಟೀರಿಯಾಗಳಂಥ ಪೆಪ್ಟಿಡೋಗ್ಲೈಕನ್ ಗೋಡೆ ಇಲ್ಲ. ಪ್ರೋಟೀನಿನ ಹೊರಹೊದಿಕೆಯನ್ನು ಹಿಡಿದಿಡುವುದೇ ಸುತ್ತಲಿನ ಸೋಡಿಯಂ, ಮೆಗ್ನೀಸಿಯಂ. ಒಳಗಡೆ ಪೊಟ್ಯಾಸಿಯಂ ಕ್ಲೋರೈಡ್ ತುಂಬಿಕೊಂಡ ಆ ಕೋಶ ಸಿಹಿನೀರು ತಾಗಿದ ಕೂಡಲೇ ಒಡೆಯುತ್ತದೆ, ಡಿಎನ್‌ಎ ಮೇಲಿನ ನೀರಿಗೆ ಬರುತ್ತದೆ, ನೀವು ಅದನ್ನು ಚೆಲ್ಲುತ್ತೀರಿ. ಉಳಿಯುವುದು ಗಟ್ಟಿ ಗೋಡೆಯ ಬ್ಯಾಕ್ಟೀರಿಯಾಗಳು, ಬೀಜಕಗಳು. ಒಂದು ವೇಳೆ ಪಿಸಿಆರ್ ಆಗಿದ್ದರೂ ‘ಈ ಕೆಸರಿನಲ್ಲಿ ಆರ್ಕಿಯಾ ಕಡಿಮೆ’ ಎಂಬ ಸುಳ್ಳು ಫಲಿತಾಂಶ ಬರುತ್ತಿತ್ತು. ಪಿಸಿಆರ್ ಸೋತದ್ದೇ ಒಳ್ಳೆಯದಾಯಿತು.

ಆದರೆ ತೊಳೆಯದೆ ನೇರ ಕಿಟ್‌ಗೆ ಹಾಕಿದರೂ ತೊಂದರೆ ಇದೆ. 0.5 ಗ್ರಾಂ ಒದ್ದೆ ಕೆಸರಿನಲ್ಲಿ ಅರ್ಧ ಉಪ್ಪುನೀರು ಎಂದು ಹಿಡಿದರೂ ಸುಮಾರು 65 ಮಿಲಿಗ್ರಾಂ ಉಪ್ಪು ಟ್ಯೂಬಿಗೆ ಹೋಗುತ್ತದೆ. ದಾರಿ ಇದು: ಕೋಶ ಒಡೆಯುವುದನ್ನು ತಡೆಯಬೇಡಿ, ಒಡೆದದ್ದು ಟ್ಯೂಬಿನಿಂದ ಆಚೆ ಹೋಗದಂತೆ ನೋಡಿಕೊಳ್ಳಿ. 0.25 ಗ್ರಾಂ ಕೆಸರಿಗೆ ಎಂಟು-ಹತ್ತು ಪಟ್ಟು ಒಡೆಯುವ ದ್ರಾವಣವನ್ನು ಒಂದೇ ಸಲ ಸೇರಿಸಿ. ಉಪ್ಪು ಅಲ್ಲೇ ತೆಳುವಾಗುತ್ತದೆ, ಡಿಎನ್‌ಎ ಅಲ್ಲೇ ಉಳಿಯುತ್ತದೆ. ನಂತರ 0.1 ಮಿ.ಮೀ. ಗಾಜಿನ ಮಣಿಗಳೊಂದಿಗೆ 30 ಸೆಕೆಂಡಿನಂತೆ ಎರಡು ಸಲ ಕುಲುಕಿ, ನಡುವೆ ಐಸ್ ಮೇಲಿಡಿ. ಬೀಜಕಗಳಿಗೆ ಇಷ್ಟು ಬೇಕೇ ಬೇಕು. ಇದಕ್ಕಿಂತ ಹೆಚ್ಚು ಕುಲುಕಿದರೆ ಮೊದಲೇ ಒಡೆದ ಆರ್ಕಿಯಾ ಡಿಎನ್‌ಎ ಚೂರುಚೂರಾಗುತ್ತದೆ. ಉಪ್ಪನ್ನು ಕೊನೆಯಲ್ಲಿ, ಸಿಲಿಕಾ ಕಾಲಂ ಅಥವಾ ಸೂಕ್ಷ್ಮ ಸೋಸುಕದ ಮೇಲೆ ತೊಳೆದು ತೆಗೆಯಿರಿ. ಎಥನಾಲ್‌ನಿಂದ ಇಳಿಸುವವರು ಶೇ 70ರ ಎಥನಾಲ್‌ನಲ್ಲಿ ಎರಡು ಸಲ ತೊಳೆಯಬೇಕು, ಏಕೆಂದರೆ ಉಪ್ಪೂ ಜೊತೆಗೇ ಇಳಿಯುತ್ತದೆ.

ದ್ರಾವಣದ ಆಯ್ಕೆಯಲ್ಲಿ ಎರಡು ಗುಂಡಿಗಳಿವೆ. ಎಸ್‌ಡಿಎಸ್ ಎಂಬ ಮಾರ್ಜಕ ಹಾಕಿದರೆ ಬಿಳಿ ಗಡ್ಡೆ ಕಾಣಬಹುದು. ಅದು ಪೊಟ್ಯಾಸಿಯಂ ಜೊತೆ ಸೇರಿ ಕರಗದಂತಾದ ಎಸ್‌ಡಿಎಸ್. ಕಹಿನೀರಿನ ಕೆಸರಿನಲ್ಲಿ ಇದು ಹೆಚ್ಚು. ಸಿಟಿಎಬಿ ಎಂಬ ಇನ್ನೊಂದು ಮಾರ್ಜಕ ಬಳಸುವವರು ಸೋಡಿಯಂ ಕ್ಲೋರೈಡನ್ನು 0.7 ಮೋಲಾರ್‌ಗಿಂತ ಕೆಳಗಿಳಿಸಬಾರದು, ಇಳಿಸಿದರೆ ಸಿಟಿಎಬಿ ಡಿಎನ್‌ಎಯನ್ನೇ ಹಿಡಿದು ತಳಕ್ಕೆ ಕೂರುತ್ತದೆ.

ಜಿಪ್ಸಮ್ ಇರುವ ಕೆಸರಿಗೆ ಇಡಿಟಿಎ (ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನು ಹಿಡಿದುಕೊಳ್ಳುವ ರಾಸಾಯನಿಕ) ಹಾಕಿ ಹರಳು ಕರಗಿಸಬೇಕು ಎಂದು ಎಲ್ಲರಿಗೂ ಗೊತ್ತು, ಎಷ್ಟು ಎಂದು ಲೆಕ್ಕ ಹಾಕುವವರು ಕಡಿಮೆ. 1 ಗ್ರಾಂ ಜಿಪ್ಸಮ್ ಎಂದರೆ 5.8 ಮಿಲಿಮೋಲ್ ಕ್ಯಾಲ್ಸಿಯಂ. ಅದಕ್ಕೆ 0.5 ಮೋಲಾರ್ ಇಡಿಟಿಎ 11.6 ಮಿ.ಲೀ. ಬೇಕು. ಕಿಟ್‌ನ 2 ಮಿ.ಲೀ. ಟ್ಯೂಬಿನಲ್ಲಿ ಇದು ಆಗದ ಮಾತು. 50 ಮಿ.ಲೀ. ಟ್ಯೂಬಿನಲ್ಲಿ, ಪಿಎಚ್ 8 ಇರುವ ಇಡಿಟಿಎಯೊಂದಿಗೆ ರಾತ್ರಿಯಿಡೀ 4 ಡಿಗ್ರಿಯಲ್ಲಿ ನಿಧಾನ ತಿರುಗಿಸಿ. ಕ್ಯಾಲ್ಸಿಯಂ ಹಿಡಿದಂತೆಲ್ಲ ಇಡಿಟಿಎ ಪ್ರೋಟಾನ್ ಬಿಡುತ್ತದೆ, ಪಿಎಚ್ ಇಳಿಯುತ್ತದೆ. ನಡುನಡುವೆ ಸೋಡಿಯಂ ಹೈಡ್ರಾಕ್ಸೈಡ್‌ನಿಂದ ಸರಿಪಡಿಸಿ. ಇಲ್ಲಿಯೂ ಮೇಲಿನ ದ್ರವ ಚೆಲ್ಲಬಾರದು, ಡಿಎನ್‌ಎ ಅದರಲ್ಲೂ ಇದೆ. ಉಳಿದ ಇಡಿಟಿಎ ಪಿಸಿಆರ್‌ನ ಮೆಗ್ನೀಸಿಯಂ ಕಸಿದುಕೊಳ್ಳುತ್ತದೆ, ಹಾಗಾಗಿ ಅದನ್ನೂ ಕೊನೆಗೆ ತೊಳೆಯಬೇಕು.

ಪಿಸಿಆರ್ ಏಕೆ ಸೋತಿತು ಎಂದು ತಿಳಿಯಲು, ಖಂಡಿತ ಬೆಳೆಯುವ ಒಂದು ಡಿಎನ್‌ಎಯನ್ನು ನಿಮ್ಮ ಸಾರಕ್ಕೆ ಬೆರೆಸಿ ನೋಡಿ. ಅದೂ ಬೆಳೆಯದಿದ್ದರೆ ಸಾರದಲ್ಲಿ ಅಡ್ಡಿ ಇದೆ: ಹತ್ತು ಪಟ್ಟು, ಐವತ್ತು ಪಟ್ಟು ತೆಳುಗೊಳಿಸಿ, ಮೈಕ್ರೋಲೀಟರಿಗೆ 0.4 ಮೈಕ್ರೋಗ್ರಾಂ ಬಿಎಸ್‌ಎ (ಅಡ್ಡಿಪಡಿಸುವ ವಸ್ತುಗಳನ್ನು ಹಿಡಿದಿಡುವ ಪ್ರೋಟೀನು) ಸೇರಿಸಿ ಮತ್ತೆ ಪ್ರಯತ್ನಿಸಿ. ಅದು ಬೆಳೆದು ನಿಮ್ಮದು ಬೆಳೆಯದಿದ್ದರೆ ಡಿಎನ್‌ಎಯೇ ಇಲ್ಲ.

ಪ್ರಶ್ನೆ: ಡಿಎನ್‌ಎ ಅನುಕ್ರಮದ ವರದಿಯಲ್ಲಿ ನೂರಾರು ಪ್ರಭೇದಗಳ ಪಟ್ಟಿ ಬಂದಿದೆ. ಶೇ 30ರ ಉಪ್ಪಿನಲ್ಲಿ ಇಷ್ಟೊಂದು ಬದುಕಿರಲು ಸಾಧ್ಯವೇ?

ಉತ್ತರ: ಪಟ್ಟಿಯಲ್ಲಿರುವವರೆಲ್ಲ ಬದುಕಿದ್ದಾರೆ ಎಂದು ಯಾರೂ ಹೇಳಿಲ್ಲ. ಉಪ್ಪು ಡಿಎನ್‌ಎಯನ್ನು ಚೆನ್ನಾಗಿ ಕಾಪಾಡುತ್ತದೆ. ಅದನ್ನು ತುಂಡರಿಸುವ ಕಿಣ್ವಗಳಲ್ಲಿ ಹಲವು ಈ ಉಪ್ಪಿನಲ್ಲಿ ಕೆಲಸ ಮಾಡವು. ಸಮುದ್ರದಿಂದ, ದಂಡೆಯ ಮಣ್ಣಿನಿಂದ, ಹಕ್ಕಿಗಳಿಂದ ಬಂದು ಸತ್ತವರ ಡಿಎನ್‌ಎಯೂ ಕೆಸರಿನಲ್ಲಿ ಉಳಿದಿರುತ್ತದೆ. ಇನ್ನೊಂದು ಕಾರಣ ಜೀವಿಗಳ ಒಳಗೇ ಇದೆ. ಹ್ಯಾಲೋಆರ್ಕ್ಯುಲಾ ಕುಲದಲ್ಲಿ ಒಂದೇ ಕೋಶದಲ್ಲಿ 16ಎಸ್ ಜೀನಿನ (ಪ್ರಭೇದ ಗುರುತಿಸಲು ಓದುವ ಜೀನ್) ಬೇರೆಬೇರೆ ಪ್ರತಿಗಳಿರುತ್ತವೆ, ಹ್ಯಾಲೋಆರ್ಕ್ಯುಲಾ ಮಾರಿಸ್ಮಾರ್ಟುಯಿಯಲ್ಲಿ ಅವುಗಳ ನಡುವೆ ಸುಮಾರು ಶೇ 5ರ ವ್ಯತ್ಯಾಸ. ಶೇ 97ರ ಹೋಲಿಕೆಯ ಗೆರೆ ಎಳೆದರೆ ಆ ಒಂದೇ ಜೀವಿ ಎರಡು ಪ್ರಭೇದವಾಗಿ ಎಣಿಕೆಯಾಗುತ್ತದೆ.

ಎಣಿಕೆ ಕಡಿಮೆಯಾಗುವುದೂ ಉಂಟು. ನ್ಯಾನೋಹ್ಯಾಲೋಆರ್ಕಿಯಾ ಎಂಬ ಅತಿ ಚಿಕ್ಕ ಗುಂಪು 2012ರ ಸುಮಾರಿಗೆ ಬೆಳಕಿಗೆ ಬಂದದ್ದು ಒಟ್ಟು ಡಿಎನ್‌ಎ ಓದಿದ್ದರಿಂದ. ಪಿಸಿಆರ್ ಶುರುಮಾಡುವ ಡಿಎನ್‌ಎ ತುಣುಕುಗಳಾದ, ಅದುವರೆಗಿನ ಸಾಮಾನ್ಯ ಪ್ರೈಮರ್‌ಗಳಿಗೆ ಅವು ಅಂಟುತ್ತಿರಲಿಲ್ಲ.

ನಾವು ಕೊಡುವ ಸಲಹೆ: ಕ್ರಿಮಿರಹಿತ ಉಪ್ಪುನೀರನ್ನೇ ಮಾದರಿಯಂತೆ ನಡೆಸಿದ ಖಾಲಿ ಪರೀಕ್ಷೆ ಒಂದಾದರೂ ಇರಲಿ, ಅದರಲ್ಲಿ ಬಂದ ಹೆಸರುಗಳನ್ನು ಅನುಮಾನದಿಂದ ನೋಡಿ. ಮೇಲಿನ ನೀರಿನ ಮಾದರಿಯನ್ನೂ ಓದಿಸಿ, ಕೆಸರಿನಲ್ಲಿ ಮಾತ್ರ ಹೆಚ್ಚುವ ಹೆಸರುಗಳನ್ನು ಗುರುತಿಸಿ. ಹಣ ಇದ್ದರೆ ಇನ್ನೂ ಹೆಚ್ಚು ಮಾದರಿಗಳ ಡಿಎನ್‌ಎ ಓದಿಸುವ ಬದಲು ಕೆಲವೇ ಮಾದರಿಗಳ ಆರ್‌ಎನ್‌ಎ ಓದಿಸಿ. ಸತ್ತ ಕೋಶದ ಡಿಎನ್‌ಎಯನ್ನು ಬೆಳಕಿನಿಂದ ಕಟ್ಟಿಹಾಕುವ ಪಿಎಂಎ ಬಣ್ಣ ನೀರಿಗೆ ಸರಿ, ಕಪ್ಪು ಕೆಸರಿನೊಳಗೆ ಬೆಳಕು ಹೋಗುವುದಿಲ್ಲ.

ಪ್ರಶ್ನೆ: ಅಷ್ಟೊಂದು ಸಲ್ಫೇಟ್ ಇರುವ ಕೆಸರಿನಿಂದ ಮೀಥೇನ್ ಗುಳ್ಳೆ ಏಳುವುದು ಹೇಗೆ? ಸಲ್ಫೇಟ್ ಬಳಸುವವರು ಮೀಥೇನ್ ಮಾಡುವವರನ್ನು ಸೋಲಿಸುತ್ತಾರೆ ಎಂದು ಓದಿದ್ದೇವೆ.

ಉತ್ತರ: ಅವರಿಬ್ಬರೂ ಹೈಡ್ರೋಜನ್, ಅಸಿಟೇಟ್‌ಗಾಗಿ ಕಿತ್ತಾಡುವಾಗ ಆ ಮಾತು ನಿಜ. ಇಲ್ಲಿ ಮೀಥೇನ್ ಬರುವುದು ಬೇರೆ ಕಚ್ಚಾವಸ್ತುವಿನಿಂದ. ಅನೇಕ ಬ್ಯಾಕ್ಟೀರಿಯಾಗಳು ಉಪ್ಪು ತಾಳಲು ಗ್ಲೈಸೀನ್ ಬೀಟೈನ್ ತುಂಬಿಕೊಂಡಿರುತ್ತವೆ. ಅವು ಸತ್ತಾಗ ಹುದುಗಿಸುವವರು ಅದನ್ನು ಒಡೆದು ಟ್ರೈಮೀಥೈಲ್‌ಅಮೈನ್ ಮಾಡುತ್ತಾರೆ. ಕೆಸರಿನಿಂದ ಕೆಲವೊಮ್ಮೆ ಹಳಸಿದ ಮೀನಿನ ವಾಸನೆ ಬರುವುದು ಅದರದ್ದೇ. ಸಲ್ಫೇಟ್ ಬಳಸುವವರು ಅದನ್ನು ಅಷ್ಟಾಗಿ ಮುಟ್ಟುವುದಿಲ್ಲ. ಮೆಥನೋಹ್ಯಾಲೋಫಿಲಸ್, ಮೆಥನೋಹ್ಯಾಲೋಬಿಯಂ ಕುಲದ ಆರ್ಕಿಯಾಗಳು ಅದರಿಂದಲೇ ಮೀಥೇನ್ ತಯಾರಿಸುತ್ತವೆ.

ಇದರ ಹಿಂದೆ ಶಕ್ತಿಯ ಲೆಕ್ಕವಿದೆ, 1999ರಲ್ಲಿ ಉಪ್ಪುಜೀವಿಗಳ ಸಂಶೋಧಕ ಅಹರೋನ್ ಓರೆನ್ ಅದನ್ನು ಸ್ಪಷ್ಟವಾಗಿ ಮುಂದಿಟ್ಟರು. ಉಪ್ಪಿನಲ್ಲಿ ಬದುಕಲು ಖರ್ಚು ಹೆಚ್ಚು, ಆದಾಯ ಕಡಿಮೆ ಇರುವ ಕಸುಬು ನಡೆಯುವುದಿಲ್ಲ. ಅಸಿಟೇಟ್‌ನಿಂದ ಒಂದು ಮೋಲ್ ಮೀಥೇನ್ ಮಾಡಿದರೆ ಸಿಗುವುದು ಸುಮಾರು 31 ಕಿಲೋಜೂಲ್, ಟ್ರೈಮೀಥೈಲ್‌ಅಮೈನ್‌ನಂತೆಯೇ ಮೀಥೈಲ್ ಗುಂಪು ಇರುವ ಮೆಥನಾಲ್‌ನಿಂದ ಮಾಡಿದರೆ ಸುಮಾರು 105. ಆದ್ದರಿಂದ ಅಸಿಟೇಟ್‌ನಿಂದ ಮೀಥೇನ್ ಮಾಡುವವರು ಉಪ್ಪು ಏರಿದಂತೆ ಬೇಗ ಮಾಯವಾಗುತ್ತಾರೆ. ಸಲ್ಫೇಟ್ ಬಳಸುವವರಲ್ಲೂ ಹಾಗೆಯೇ: ಅಸಿಟೇಟನ್ನು ಪೂರ್ತಿ ಸುಡುವವರು ಹಿಂದೆ ಬೀಳುತ್ತಾರೆ, ಲ್ಯಾಕ್ಟೇಟನ್ನು ಅಸಿಟೇಟ್‌ವರೆಗೆ ಮಾತ್ರ ಒಡೆದು ಬಿಡುವ ಡೀಸಲ್ಫೋಹ್ಯಾಲೋಬಿಯಂ ರೆಟ್ಬೆಯೆನ್ಸ್ ಮುಂದೆ ಹೋಗುತ್ತದೆ. 1991ರಲ್ಲಿ ವರ್ಣಿಸಲಾದ ಈ ಜೀವಿ ಸಿಕ್ಕಿದ್ದು ಸೆನೆಗಲ್‌ನ ರೆಟ್ಬಾ ಸರೋವರದ ಕೆಸರಿನಲ್ಲಿ. ನಿಮ್ಮ ಕೆಸರಿನಲ್ಲಿ ಅಸಿಟೇಟ್ ರಾಶಿ ಬಿದ್ದಿದ್ದರೆ ಅಚ್ಚರಿ ಬೇಡ, ತಿನ್ನುವವರು ಕಡಿಮೆ.

ಪರೀಕ್ಷಿಸಿ ನೋಡಬೇಕೆಂದರೆ: ಸೀರಂ ಬಾಟಲಿಗೆ ಕೆಸರು ಮತ್ತು ಅದೇ ಉಪ್ಪಿನಂಶದ ನೀರು, ಮೇಲೆ ಸಾರಜನಕ, ದಪ್ಪ ಬ್ಯೂಟೈಲ್ ರಬ್ಬರ್ ಬಿರಡೆ. ಒಂದಕ್ಕೆ 10 ಮಿಲಿಮೋಲಾರ್ ಟ್ರೈಮೀಥೈಲ್‌ಅಮೈನ್, ಇನ್ನೊಂದಕ್ಕೆ ಅಷ್ಟೇ ಅಸಿಟೇಟ್, ಮೂರನೆಯದಕ್ಕೆ ಏನೂ ಬೇಡ. 30–35 ಡಿಗ್ರಿಯಲ್ಲಿ, ಕತ್ತಲಲ್ಲಿ, ವಾರಕ್ಕೊಮ್ಮೆ ಮೇಲಿನ ಅನಿಲ ಅಳೆಯಿರಿ. ತಿಂಗಳುಗಟ್ಟಲೆ ಕಾಯಲು ತಯಾರಿರಿ.

ಪ್ರಶ್ನೆ: ಕೆಂಪು ಆರ್ಕಿಯಾಗಳನ್ನು ತಟ್ಟೆಯಲ್ಲಿ ಬೆಳೆಸಲು ಹೋದರೆ ಹರಳು ಮಾತ್ರ ಬೆಳೆಯುತ್ತದೆ.

ಉತ್ತರ: ತಟ್ಟೆ ಒಣಗಿದೆ. 25 ಮಿ.ಲೀ. ಸುರಿದು ದಪ್ಪ ತಟ್ಟೆ ಮಾಡಿ, ಬಿಗಿಯಾಗಿ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, 37 ಡಿಗ್ರಿಯಲ್ಲಿ ನಾಲ್ಕರಿಂದ ಎಂಟು ವಾರ ಇಡಿ. ಮೊದಲು ಉಪ್ಪಿನ ಮೂಲ ದ್ರಾವಣ: ಲೀಟರಿಗೆ ಸೋಡಿಯಂ ಕ್ಲೋರೈಡ್ 240 ಗ್ರಾಂ, ಆರು ನೀರಿನ ಮೆಗ್ನೀಸಿಯಂ ಕ್ಲೋರೈಡ್ 30 ಗ್ರಾಂ, ಏಳು ನೀರಿನ ಮೆಗ್ನೀಸಿಯಂ ಸಲ್ಫೇಟ್ 35 ಗ್ರಾಂ, ಪೊಟ್ಯಾಸಿಯಂ ಕ್ಲೋರೈಡ್ 7 ಗ್ರಾಂ, ಕೊನೆಗೆ 1 ಮೋಲಾರ್ ಕ್ಯಾಲ್ಸಿಯಂ ಕ್ಲೋರೈಡ್ 5 ಮಿ.ಲೀ. ಹನಿಹನಿಯಾಗಿ. ಇದರ 767 ಮಿ.ಲೀ.ಗೆ ಪೆಪ್ಟೋನ್ 5 ಗ್ರಾಂ, ಯೀಸ್ಟ್ ಸಾರ 1 ಗ್ರಾಂ, ಅಗರ್ 15 ಗ್ರಾಂ ಹಾಕಿ, ಪಿಎಚ್ 7.5ಕ್ಕೆ ತಂದು ನೀರಿನಿಂದ ಒಂದು ಲೀಟರ್ ಮಾಡಿದರೆ ಶೇ 23ರ ಮಾಧ್ಯಮ ಸಿದ್ಧ. ಅಗರ್ ಈ ಉಪ್ಪಿನಲ್ಲಿ ಸುಲಭವಾಗಿ ಕರಗದು, ಆಟೋಕ್ಲೇವ್‌ಗೆ ಮೊದಲೇ ಕುದಿಸಿ ಕರಗಿಸಿ. ಪೆಪ್ಟೋನ್ ಬದಲಿಸಿದಾಗ ಒಂದೂ ಬೆಳೆಯದಿದ್ದರೆ ಪೆಪ್ಟೋನನ್ನೇ ಅನುಮಾನಿಸಿ. ಕೆಲವು ತಯಾರಿಕೆಗಳಲ್ಲಿರುವ ಪಿತ್ತ ಲವಣ ಹ್ಯಾಲೋಆರ್ಕಿಯಾ ಕೋಶಗಳನ್ನು ಒಡೆಯುತ್ತದೆ.

ಮಾದರಿಯನ್ನು ತೆಳುಗೊಳಿಸುವುದು ಇದೇ ಉಪ್ಪುನೀರಿನಲ್ಲಿ. ಬ್ಯಾಕ್ಟೀರಿಯಾ ಬೇಡವಾದರೆ ಮಿ.ಲೀ.ಗೆ 100 ಮೈಕ್ರೋಗ್ರಾಂ ಆಂಪಿಸಿಲಿನ್ ಹಾಕಿ, ಆರ್ಕಿಯಾಗಳಿಗೆ ಅದು ತಟ್ಟುವುದಿಲ್ಲ. ಚೌಕಾಕಾರದವನನ್ನು ಈ ತಟ್ಟೆಯಲ್ಲಿ ಹುಡುಕಬೇಡಿ. 1980ರಲ್ಲಿ ಸಿನಾಯ್‌ನ ಉಪ್ಪುಗುಂಡಿಯ ನೀರಿನಿಂದ ವರ್ಣಿಸಲಾದ ಅವನು ಪ್ರಯೋಗಾಲಯದಲ್ಲಿ ಬೆಳೆದದ್ದು 2004ರಲ್ಲಿ, ಅದೂ ಆಹಾರ ತೀರಾ ಕಡಿಮೆ ಇರುವ ಮಾಧ್ಯಮದಲ್ಲಿ, ತಾಳ್ಮೆಯಿಂದ ಕಾದ ಮೇಲೆ.

ಪ್ರಶ್ನೆ: ಸೂಕ್ಷ್ಮದರ್ಶಕದಲ್ಲಿ ನೋಡಲು ಗ್ರಾಂ ಬಣ್ಣ (ಬ್ಯಾಕ್ಟೀರಿಯಾಗಳ ಬಗೆ ಗುರುತಿಸಲು ಹಾಕುವ ಬಣ್ಣ) ಹಾಕಿದರೆ ಗಾಜಿನ ಮೇಲೆ ಏನೂ ಉಳಿಯುವುದಿಲ್ಲ.

ಉತ್ತರ: ತೊಳೆಯುವ ನೀರಿಗೆ ಕೋಶಗಳು ಒಡೆದಿವೆ. ಒಣಗಿದ ಲೇಪದ ಮೇಲೆ ಮೊದಲು ಶೇ 2ರ ಅಸಿಟಿಕ್ ಆಮ್ಲ ಐದು ನಿಮಿಷ ಬಿಡಿ. ಅದು ಕೋಶಗಳನ್ನು ಗಟ್ಟಿ ಮಾಡುತ್ತಲೇ ಉಪ್ಪನ್ನು ತೆಗೆಯುತ್ತದೆ. ಆಮೇಲೆ ಒಣಗಿಸಿ ಬಣ್ಣ ಹಾಕಿ.

ಪ್ರಶ್ನೆ: ಇಷ್ಟಕ್ಕಿಂತ ಹೆಚ್ಚು ಉಪ್ಪಾದರೆ ಜೀವವೇ ಇಲ್ಲ ಎಂಬ ಗೆರೆ ಇದೆಯೇ?

ಉತ್ತರ: ಸೋಡಿಯಂ ಕ್ಲೋರೈಡ್‌ಗೆ ಅಂಥ ಗೆರೆ ಇಲ್ಲ. ಪೂರ್ತಿ ತುಂಬಿದ ದ್ರಾವಣದಲ್ಲೂ ನೀರಿನ ಚಟುವಟಿಕೆಯ ಮೌಲ್ಯ (ಜೀವಿಗಳ ಬಳಕೆಗೆ ಸಿಗುವ ನೀರಿನ ಅಳತೆ, ಶುದ್ಧ ನೀರಿಗೆ 1) 0.75 ಇರುತ್ತದೆ, ಹ್ಯಾಲೋಆರ್ಕಿಯಾಗಳಿಗೆ ಅಷ್ಟು ಸಾಕು. ಮೆಗ್ನೀಸಿಯಂ ಕ್ಲೋರೈಡ್‌ನ ಕಥೆ ಬೇರೆ. ಅದು ನೀರನ್ನು ಇನ್ನೂ ಬಿಗಿಯಾಗಿ ಹಿಡಿಯುವುದಲ್ಲದೆ ಪ್ರೋಟೀನ್‌ಗಳ ರಚನೆಯನ್ನೇ ಸಡಿಲಿಸುತ್ತದೆ. ಮೆಡಿಟರೇನಿಯನ್ ಸಮುದ್ರದಾಳದ ಡಿಸ್ಕವರಿ ಉಪ್ಪುಗುಂಡಿಯಲ್ಲಿ ನಡೆದ, 2007ರಲ್ಲಿ ಪ್ರಕಟವಾದ ಕೆಲಸದ ಪ್ರಕಾರ, ಸರಿದೂಗಿಸುವ ಬೇರೆ ಲವಣ ಇಲ್ಲದಿದ್ದರೆ 2.3 ಮೋಲಾರ್ ಸುಮಾರಿಗೆ ಜೀವಿಗಳ ಚಟುವಟಿಕೆ ನಿಲ್ಲುತ್ತದೆ. ಡಿಎನ್‌ಎ ಮಾತ್ರ ಅದಕ್ಕಿಂತ ಹೆಚ್ಚಿನ ಸಾಂದ್ರತೆಯಲ್ಲೂ ಸಿಕ್ಕಿತು. ಆದ್ದರಿಂದ ಉಪ್ಪಿನ ಸಾಲಿನ ಕೊನೆಯ ಕಹಿನೀರಿನ ಕೊಳದಿಂದ ಕೆಸರು ತೆಗೆಯುವವರು ಮೊದಲು ಮೆಗ್ನೀಸಿಯಂ ಅಳೆಯಿರಿ. 2 ಮೋಲಾರ್ ದಾಟಿದ್ದರೆ, ಆ ಕೊಳದಿಂದ ಬರುವ ಅನುಕ್ರಮಗಳಿಗೆ ಆರ್‌ಎನ್‌ಎ ಸಾಕ್ಷಿ ಸಿಗುವವರೆಗೆ ಅಲ್ಲಿ ಬಾಳುವವರು ಎಂಬ ಹಣೆಪಟ್ಟಿ ಹಚ್ಚಬೇಡಿ.